ಜಲದುರ್ಗದ ಕೊಳ್ಳಕ್ಕೆ ಹೊರಡುವ ಮುನ್ನ

ಎಳ್ಳ ಅಮಾವಾಸ್ಯೆಯ ಚರಗ ಚೆಲ್ಲಿ ಬಂದ ಮೇಲೆ, ಹಿಂಗಾರಿ ಜೋಳವು ತೆನೆಗಟ್ಟಿ ನಿಂತು ಒಕ್ಕಲಿಗನ ಕೈಗೆ ನಾಲ್ಕು ದಿನಗಳ ಬಿಡುವು ದೊರೆತ ಕಾಲದಲ್ಲಿ, ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಮನೆಮನೆಗಳಲ್ಲಿಯೂ ಎಲ್ಲಿಗಾದರೂ ಹೋಗಿಬರಬೇಕೆಂಬ ಮಾತು ಏಳುವುದು ಬಹುಕಾಲದ ರೂಢಿ. ಹಿರಿಯರು ಹೊರಡುತ್ತಿದ್ದುದು ದೇವಲ ಗಾಣಗಾಪುರದ ಸಂಗಮಕ್ಕೆ, ಘತ್ತರಗಿಯ ಭಾಗ್ಯವಂತಿಯ ಸನ್ನಿಧಿಗೆ, ಇನ್ನೂ ದೂರವೆಂದರೆ ಸನ್ನತಿಯ ಚಂದ್ರಲಾಂಬೆಯ ದರ್ಶನಕ್ಕೆ. ಈ ಮೂರೂ ಭೀಮಾತೀರದ ಕ್ಷೇತ್ರಗಳೇ ಆದುದರಿಂದ, ಯಾತ್ರೆ ಬೇರೆ, ವಿಹಾರ ಬೇರೆ ಎಂಬ ಭೇದವು ಅವರ ಮನಸ್ಸಿಗೆ ಹೊಳೆದಿರಲಾರದು. ಈಗಿನ ಹುಡುಗರಾದರೋ ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿ, ಕರಿಬಂಡೆಗಳ ನಡುವೆ ನೊರೆಗಟ್ಟಿ ಧುಮುಕುವ ಕೃಷ್ಣೆಯನ್ನೂ ಅದರ ನೆತ್ತಿಯ ಮೇಲೆ ನಿಂತ ಹಳೆಯ ಕೋಟೆಯನ್ನೂ ಕಾಣಿಸಿ, 'ಕಾಕಾ, ಜಲದುರ್ಗಕ್ಕ ಹೋಗೋಣು' ಎನ್ನುತ್ತಾರೆ. ಅವರ ಉತ್ಸಾಹಕ್ಕೆ ಅಡ್ಡಬರುವ ಮನಸ್ಸು ನನಗಿಲ್ಲ; ಆ ಕೊಳ್ಳವನ್ನು ನಮ್ಮ ಸೀಮೆಯ ಪ್ರತಿಯೊಬ್ಬನೂ ಒಮ್ಮೆಯಾದರೂ ನೋಡತಕ್ಕದ್ದೆಂಬುದೇ ನನ್ನ ಆಶೆ. ಆದರೆ ನೋಡಹೊರಡುವುದಕ್ಕೆ ಮೊದಲು ತಿಳಿದಿರಬೇಕಾದ ಸಂಗತಿಗಳು ಕೆಲವಿವೆ, ಮತ್ತು ಅವುಗಳಲ್ಲಿ ಮೊದಲನೆಯದು, ನಾವು ಹೋಗುವ ದಿನವನ್ನು ಗೊತ್ತುಮಾಡುವ ಅಧಿಕಾರವು ನಮಗಿಂತ ಹೆಚ್ಚಾಗಿ ನೀರಿಗಿದೆ ಎಂಬುದು.

ಭೀಮೆಯನ್ನು ನೋಡಿ ಬೆಳೆದವರಿಗೆ ಕೊಳ್ಳವೆಂಬುದು ಅಪರಿಚಿತ ವಸ್ತು. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ 861 ಕಿಲೋಮೀಟರು ಹರಿದು ರಾಯಚೂರು ತಾಲೂಕಿನ ಕಡ್ಲೂರಿನ ಬಳಿ ಕೃಷ್ಣೆಯನ್ನು ಸೇರುವ ಈ ನದಿಯು ನಮ್ಮ ಎರೆಭೂಮಿಯಲ್ಲಿ ತನ್ನ ಎರಡೂ ದಂಡೆಗಳನ್ನು ಆಳವಾಗಿ ಕೊರೆದಿರುವುದುಂಟು, ಮಳೆಗಾಲದಲ್ಲಿ ದಂಡೆಯ ಹೊಲಗಳನ್ನು ನುಂಗುವುದುಂಟು. ಆದರೆ ಬಂಡೆಯನ್ನು ಸೀಳಿ ಕಮರಿಯನ್ನು ಮಾಡಿಕೊಂಡು ನುಗ್ಗುವ ಸ್ವಭಾವವು ಅದಕ್ಕೆ ಇಲ್ಲಿಲ್ಲ. ಕಲ್ಲು ಮೆತ್ತಗಿಲ್ಲವೆಂಬುದು ಇದಕ್ಕೆ ಕಾರಣವಲ್ಲ. ಆಳಂದ ಮತ್ತು ಅಫಜಲಪುರ ತಾಲೂಕುಗಳ ಅಡಿಯಲ್ಲಿರುವುದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಡಿ ಹೆಪ್ಪುಗಟ್ಟಿದ ದಖನ್ನಿನ ಕಪ್ಪು ಶಿಲೆ. ಅದೇ ಶಿಲೆ ಸವೆದು ಪುಡಿಯಾಗಿ ನಮ್ಮ ಎರೆಮಣ್ಣಾಗಿದೆ. ಜೇವರ್ಗಿಯನ್ನು ದಾಟಿ ದಕ್ಷಿಣಕ್ಕೆ ನಡೆದಂತೆ ಈ ಕಪ್ಪು ಹೊದಿಕೆಯು ತೆಳುವಾಗಿ, ಅದಕ್ಕಿಂತ ಬಹಳ ಪ್ರಾಚೀನವಾದ ಸುಣ್ಣದ ಕಲ್ಲಿನ ಪದರಗಳು, ಎಂದರೆ ನಮ್ಮ ಪಡಸಾಲೆಗಳಲ್ಲಿ ಹಾಸಿರುವ ಶಹಾಬಾದಿನ ಪರಸಿಯ ಬಂಧುಗಳು, ಬೆಳಕಿಗೆ ಬರುತ್ತವೆ; ಇನ್ನೂ ಮುಂದೆ ಹೋದರೆ 250 ಕೋಟಿ ವರ್ಷಗಳಿಗೂ ಮಿಗಿಲಾದ ವಯಸ್ಸಿನ ಬೆಣಚುಕಲ್ಲಿನ ಸಾಮ್ರಾಜ್ಯ. ನಮ್ಮ ಸೀಮೆಯಲ್ಲಿ ಭೀಮೆಯು ಹರಿಯುವ ಇಳುಕಲು ಬಹು ಸೌಮ್ಯವಾದುದು. ಎಷ್ಟು ಸೌಮ್ಯವೆಂದರೆ, ಬೇಸಿಗೆಯಲ್ಲಿ ಕಟ್ಟಿಸಂಗಾವಿಯ ಸೇತುವೆಯ ಮೇಲೆ ನಿಂತು ನೋಡಿದರೆ ನೀರು ಯಾವ ದಿಕ್ಕಿಗೆ ಹೋಗುತ್ತಿದೆಯೆಂಬುದನ್ನು ತೇಲುವ ಕಡ್ಡಿಯಿಂದ ತಿಳಿಯಬೇಕು. ಕೊಳ್ಳವನ್ನು ಮಾಡುವುದು ಇಳುಕಲು. ಕಲ್ಲು ಅದರ ರೂಪವನ್ನು ಮಾತ್ರ ನಿಶ್ಚಯಿಸುತ್ತದೆ.

ಆ ಇಳುಕಲು ಕೃಷ್ಣೆಗೆ ದೊರೆತಿದೆ. ನಾರಾಯಣಪುರದ ಕೆಳಗೆ, ದಖನ್ನಿನ ಎತ್ತರದ ಬಯಲು ಮುಗಿದು ಸುರಪುರ ಮತ್ತು ರಾಯಚೂರುಗಳ ತಗ್ಗುಸೀಮೆ ಮೊದಲಾಗುವ ಅಂಚಿನಲ್ಲಿ, ನದಿಯು ಬೆಣಚುಕಲ್ಲಿನ ವಿಶಾಲವಾದ ಇಳಿಜಾರಿನ ಮೇಲೆ ಮೆಟ್ಟಿಲುಮೆಟ್ಟಿಲಾಗಿ ಒಡೆದು ಬೀಳುತ್ತದೆ. ಸುಮಾರು 3 ಮೈಲಿಗಳ ಅಂತರದಲ್ಲಿ 408 ಅಡಿಗಳ ಇಳಿತವಿದೆಯೆಂದು ಹಳೆಯ ಗೆಜೆಟಿಯರುಗಳು ಬರೆದಿಟ್ಟಿವೆ. ಈಗಿನ ಲೆಕ್ಕದಲ್ಲಿ ಐದು ಕಿಲೋಮೀಟರಿಗೆ ನೂರಿಪ್ಪತ್ತುನಾಲ್ಕು ಮೀಟರು. ಜೋಗದಂತೆ ಒಂದೇ ನೆಗೆತದಲ್ಲಿ ಬೀಳುವ ಜಲಪಾತವನ್ನು ಕಲ್ಪಿಸಿಕೊಂಡು ಹೋದವರು ಇಲ್ಲಿ ನಿರಾಶರಾಗುವುದುಂಟು. ಇದು ಧಬಧಬೆಯ ಜಾತಿಯದಲ್ಲ, ಓಡುವ ಜಾತಿಯದು. ನದಿಯು ಕವಲೊಡೆದು, ನಡುನಡುವೆ ಗಡ್ಡೆಗಳನ್ನು ಬಿಟ್ಟು, ಬಂಡೆಯ ಸಂದುಗಳಲ್ಲಿ ಇಕ್ಕಟ್ಟಾಗಿ ನುಗ್ಗಿ ಮತ್ತೆ ಹರಡಿಕೊಳ್ಳುತ್ತದೆ. ಹಾಗೆ ಕವಲುಗಳ ನಡುವೆ ಎದ್ದ ಎತ್ತರದ ಗಡ್ಡೆಯೊಂದರ ಮೇಲೆ, ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಪ್ರಬಲವಾಗಿದ್ದ ಜಲದುರ್ಗದ ಕೋಟೆ ನಿಂತಿದೆ. ಶತ್ರುವಿಗಾಗಿ ಕಂದಕವನ್ನು ತೋಡುವ ಶ್ರಮವನ್ನು ಕಟ್ಟಿದವರಿಗೆ ನದಿಯೇ ಉಳಿಸಿಕೊಟ್ಟಿತ್ತು. ಎಡದಂಡೆಯಲ್ಲಿ, ನಾರಾಯಣಪುರಕ್ಕೆ ಸಮೀಪದಲ್ಲಿ, ಸೂರ್ಯನ ಪತ್ನಿಯಾದ ಛಾಯಾದೇವಿಯ ಹೆಸರಿನ ಛಾಯಾ ಭಗವತಿಯ ದೇಗುಲವು ನದಿಯ ಪಾತ್ರಕ್ಕೇ ಇಳಿದಂತೆ ಇದೆ.

ಈ ಎರಡು ಸ್ಥಳಗಳಿಗೆ ದಾರಿಗಳೂ ಎರಡು. ಜೇವರ್ಗಿಯಿಂದ ಹೊರಡುವ 150ಎ ರಾಷ್ಟ್ರೀಯ ಹೆದ್ದಾರಿಯು ಶಹಾಪುರ, ಸುರಪುರಗಳ ಮೇಲೆ ಹಾದು, ಮೌನೇಶ್ವರನ ತಿಂಥಣಿಯಲ್ಲಿ ಕೃಷ್ಣೆಯನ್ನು ದಾಟಿ ಲಿಂಗಸುಗೂರಿಗೆ ಹೋಗುತ್ತದೆ. ಛಾಯಾ ಭಗವತಿಗೆ ಹೋಗತಕ್ಕವರು ಸುರಪುರದಲ್ಲಿಯೇ ಹೆದ್ದಾರಿಯನ್ನು ಬಿಟ್ಟು ಹುಣಸಗಿಯ ಮೂಲಕ ನಾರಾಯಣಪುರವನ್ನು ಮುಟ್ಟಬೇಕು. ಜಲದುರ್ಗದ ಕೋಟೆಯನ್ನು ಹತ್ತತಕ್ಕವರು ತಿಂಥಣಿಯ ಸೇತುವೆಯನ್ನು ದಾಟಿ ಲಿಂಗಸುಗೂರಿನ ಕಡೆಯಿಂದ ಬರಬೇಕು. ಒಂದೇ ದಿನದಲ್ಲಿ ಎರಡನ್ನೂ ಮುಗಿಸುತ್ತೇವೆಂಬ ಹಟವನ್ನು ನಾನು ಯಾರಿಗೂ ಹೇಳಿಕೊಡಲಾರೆ. ಆಳಂದದಿಂದ ಬರುವವನಿಗೆ ಕಲಬುರಗಿಯನ್ನು ಮುಟ್ಟುವಷ್ಟರಲ್ಲಿಯೇ ಒಂದು ಹೊತ್ತು ಕಳೆದಿರುತ್ತದೆ. ಅಲ್ಲಿಂದ ಕಟ್ಟಿಸಂಗಾವಿಯಲ್ಲಿ ಭೀಮೆಯನ್ನು ದಾಟಿ ಜೇವರ್ಗಿ. ಅಫಜಲಪುರದವರು ಘತ್ತರಗಿಯ ಸೇತುವೆಯಿಂದ ಹೊಳೆಯನ್ನು ದಾಟಬಹುದು. ಆದರೆ ಭೀಮೆಯು ತುಂಬಿದಾಗ ಆ ಸೇತುವೆ ಮುಳುಗುತ್ತದೆಯೆಂಬುದನ್ನು ಅವರಿಗೆ ನಾನು ಹೇಳಬೇಕಾಗಿಲ್ಲ. 2020ರ ಅಕ್ಟೋಬರದ ಮಹಾಪೂರದಲ್ಲಿ ಭೀಮೆಯ ಎರಡೂ ದಂಡೆಯ ಊರುಗಳು ಪಟ್ಟ ಪಾಡನ್ನು ಕಂಡವರು, ಹೊಳೆಯ ದಾರಿಯಲ್ಲಿ ಹೊರಡುವುದಕ್ಕೆ ಮೊದಲು ಹೊಳೆಯ ಸುದ್ದಿಯನ್ನು ಕೇಳದೆ ಇರಲಾರರು.

ಹುಣಸಗಿಯ ಹೆಸರು ಬಂದಲ್ಲಿ ಒಂದು ಕ್ಷಣ ನಿಲ್ಲದೆ ಮುಂದೆ ಹೋಗುವುದು ನನ್ನಿಂದಾಗದು. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞರಾದ ಕೆ. ಪದ್ದಯ್ಯನವರು ತಮ್ಮ ಆಯುಷ್ಯದ ಬಹುಭಾಗವನ್ನು ಈ ಕಣಿವೆಯಲ್ಲಿ ನಡೆದು ಕಳೆದರು. ಹುಣಸಗಿಯ ಸಮೀಪದ ಇಸಾಂಪುರದಲ್ಲಿ ಅವರು ಅಗೆದು ತೆಗೆದದ್ದು, ಸುಮಾರು 12 ಲಕ್ಷ ವರ್ಷಗಳ ಹಿಂದೆ ಆದಿಮಾನವರು ಸುಣ್ಣದ ಕಲ್ಲಿನ ಚಪ್ಪಡಿಗಳನ್ನು ಆರಿಸಿ ಕುಳಿತು ಕೈಗೊಡಲಿಗಳನ್ನು ಮಾಡಿದ ಕಾರ್ಯಸ್ಥಾನ. ಕುಳಿತ ಜಾಗ, ಉದುರಿದ ಚಕ್ಕೆ, ಅರ್ಧಕ್ಕೆ ಬಿಟ್ಟ ಕಲ್ಲು, ಎಲ್ಲವೂ ಅಲ್ಲಿಯೇ ಇದ್ದವು. ನೀರೂ ಕಲ್ಲೂ ಒಂದೆಡೆ ಸಿಕ್ಕುವ ಸ್ಥಳವನ್ನು ಹುಡುಕಿಕೊಂಡು ಹೊರಟ ಮೊದಲಿಗರು ನಾವಲ್ಲವೆಂಬ ಈ ತಿಳಿವಳಿಕೆಯೊಡನೆ ಮುಂದಿನ ಹದಿನೈದಿಪ್ಪತ್ತು ಮೈಲಿಗಳನ್ನು ಪಯಣಿಸಿದರೆ ದಾರಿಯ ಬಯಲು ಬರಿದಾಗಿ ಕಾಣಿಸುವುದಿಲ್ಲ.

ಇನ್ನು ನೀರಿನ ಮಾತು. ಕೊಳ್ಳದ ನೆತ್ತಿಯ ಮೇಲೆಯೇ ನಾರಾಯಣಪುರದ ಬಸವಸಾಗರವಿದೆ: 1982ರಲ್ಲಿ ಮುಗಿದ, ಹತ್ತು ಕಿಲೋಮೀಟರಿಗೂ ಮಿಗಿಲಾದ ಉದ್ದದ, 30 ಬಾಗಿಲುಗಳ ಅಣೆಕಟ್ಟು. ಅದರ ಮೇಲೆ ಆಲಮಟ್ಟಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ. ಅದರ ಮೇಲೆ ಮಹಾರಾಷ್ಟ್ರದ ಘಟ್ಟಗಳ ಮಳೆ. ಆದುದರಿಂದ ಛಾಯಾ ಭಗವತಿಯ ಮೆಟ್ಟಿಲಿನ ಮೇಲೆ ನಿಂತವನ ತಲೆಯ ಮೇಲೆ ನೀಲಿಯಾಕಾಶವಿದ್ದರೂ, ಮೂರು ದಿನಗಳ ಹಿಂದೆ ಮಹಾಬಳೇಶ್ವರದಲ್ಲಿ ಸುರಿದ ಮಳೆಯು ಅವನ ಕಾಲಬುಡಕ್ಕೆ ಬರಬಹುದು. ಮಳೆಗಾಲದಲ್ಲಿ ವರ್ತಮಾನಪತ್ರಗಳು ಒಳಹರಿವು ಇಷ್ಟು, ಹೊರಹರಿವು ಇಷ್ಟು ಎಂದು ಪ್ರತಿದಿನ ಅಚ್ಚುಹಾಕುವ ಅಂಕಿಗಳನ್ನು ನಮ್ಮಲ್ಲಿ ಹಲವರು ಓದಿ ಮುಂದಕ್ಕೆ ದಾಟುತ್ತಾರೆ. ಕೊಳ್ಳಕ್ಕೆ ಹೊರಡುವವನಿಗೆ ಆ ಸಣ್ಣ ಅಕ್ಷರದ ಸಾಲೇ ಪಂಚಾಂಗ. ಒಂದು ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರು, ಎಂದರೆ ಎರಡು ತುಂಬಿದ ಕೊಡಗಳಿಗೆ ಹತ್ತಿರ. ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಹೊರಹರಿವು ಒಂದು ಲಕ್ಷ ಕ್ಯೂಸೆಕ್ ಎಂದು ಓದಿದಾಗ, ನೀವು ಒಂದು ಉಸಿರು ಒಳಗೆಳೆದುಕೊಳ್ಳುವಷ್ಟರಲ್ಲಿ ಎರಡು ಲಕ್ಷ ಕೊಡಗಳ ನೀರು ಆ ಇಳಿಜಾರಿನಲ್ಲಿ ಧುಮುಕುತ್ತಿದೆಯೆಂದು ಭಾವಿಸಿಕೊಳ್ಳಬೇಕು. ಇಂಥ ಪ್ರವಾಹವು ಇನ್ನೂ ಏರಿದಾಗಲೇ ಲಿಂಗಸುಗೂರು ತಾಲೂಕಿನ ಶೀಲಹಳ್ಳಿಯ ಸೇತುವೆ ಮುಳುಗಿ, ಜಲದುರ್ಗ, ಯರಗೋಡಿ, ಹಂಚಿನಾಳ ಮೊದಲಾದ ಊರುಗಳ ಸಂಪರ್ಕವು ಕಡಿಯುವುದು. ಕರಕಲಗಡ್ಡಿ, ಮ್ಯಾದರಗಡ್ಡಿ, ವೆಂಕಮ್ಮನಗಡ್ಡಿ ಎಂಬ ನಡುಗಡ್ಡೆಗಳಲ್ಲಿ ವಾಸಿಸುವ ಕುಟುಂಬಗಳು ಹೊಳೆಯ ನಡುವೆ ಸಿಕ್ಕಿಕೊಳ್ಳುವುದು. 2019ರ ಆಗಸ್ಟಿನಲ್ಲಿ ಹೀಗೆಯೇ ಆಯಿತು. ನಮ್ಮ ಪಾಲಿಗೆ ನೋಟವಾದದ್ದು ಅವರ ಪಾಲಿಗೆ ಹಾಲು, ಔಷಧ, ಶಾಲೆಗಳ ದಾರಿ ಮುಚ್ಚಿದ ದಿನವೆಂಬುದನ್ನು ಮರೆತು, ಮುಳುಗಿದ ಸೇತುವೆಯ ಮುಂದೆ ಚಿತ್ರ ತೆಗೆಸಿಕೊಳ್ಳಲು ಗಾಡಿ ಕಟ್ಟಿಕೊಂಡು ಹೋಗುವವರನ್ನು ಕಂಡಾಗ ನನ್ನ ಮನಸ್ಸಿಗೆ ನೋವಾಗುತ್ತದೆ.

ಆಕಾಶ ಶುಭ್ರವಾಗಿದ್ದರೂ ನೀರು ಏರಬಹುದೆಂಬ ಪಾಠವನ್ನು ನನಗೆ ಕಲಿಸಿದವರು ಛಾಯಾ ಭಗವತಿಯ ಮೆಟ್ಟಿಲ ಬಳಿ ಕಾಯಿ-ಕರ್ಪೂರ ಮಾರುತ್ತಿದ್ದ ಒಬ್ಬ ವೃದ್ಧರು. ಬಹಳ ವರ್ಷಗಳ ಹಿಂದೆ, ಒಂದು ಆಶ್ವೀಜ ಮಾಸದಲ್ಲಿ, ನಾವು ನಾಲ್ವರು ಕೆಳಗಿನ ಬಂಡೆಯ ಮೇಲೆ ಬುತ್ತಿಯನ್ನು ಬಿಚ್ಚಿ ಕುಳಿತಿದ್ದೆವು. ನೀರು ನಮ್ಮಿಂದ ಹತ್ತು ಮಾರು ದೂರದಲ್ಲಿ, ಸಾಧುವಾದ ಹಸುವಿನಂತೆ, ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಆ ಹಿರಿಯರು ಮೇಲಿನಿಂದ ಕೂಗಿ, 'ತಮ್ಮಾ, ಅಲ್ಲಿ ಕುಂದ್ರಬ್ಯಾಡ್ರಿ, ಮ್ಯಾಲ ಬರ್ರಿ' ಎಂದರು. ನೀರು ದೂರದಲ್ಲಿದೆಯಲ್ಲ ಮುತ್ಯಾ ಎಂದು ನಾನು ಉತ್ತರ ಕೊಟ್ಟೆ. ಅವರು ವಾದಕ್ಕೆ ಇಳಿಯಲಿಲ್ಲ. ಕೋಲನ್ನೂರಿಕೊಂಡು ನಾಲ್ಕು ಮೆಟ್ಟಿಲು ಕೆಳಗೆ ಬಂದು, ಒಂದು ಕಲ್ಲಿನ ಮೇಲೆ ಸುಣ್ಣದಿಂದ ಎಳೆದಿದ್ದ, ಬೆರಳಗಲದ ಒಂದು ಬಿಳಿಯ ಗೆರೆಯನ್ನು ತೋರಿಸಿದರು. 'ಮುಂಜಾನಿ ಇದರ ಕೆಳಗ ಮೂರು ಬೆರಳ ಇತ್ತು. ಈಗ ನೋಡ್ರಿ.' ಗೆರೆಯ ಕೆಳಅಂಚು ಆಗಲೇ ತೊಯ್ದು ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾವು ಊಟಕ್ಕೆ ಕುಳಿತಾಗಿನಿಂದ ನಮ್ಮ ಕಣ್ಣೆದುರಿನಲ್ಲಿಯೇ ಹೊಳೆಯು ಏರಿತ್ತು, ಮತ್ತು ನಮ್ಮಲ್ಲೊಬ್ಬನಿಗೂ ಅದು ಕಾಣಿಸಿರಲಿಲ್ಲ. 'ಗೆರಿ ತೊಯ್ದ್ರ ಗಂಟು ಕಟ್ಟಬೇಕು' ಎಂದು ಹೇಳಿ ಅವರು ತಮ್ಮ ಅಂಗಡಿಗೆ ಹೋದರು. ನಾವು ಗಂಟು ಕಟ್ಟಿದೆವು. ಸಂಜೆಗೆ ನಾವು ಕುಳಿತಿದ್ದ ಬಂಡೆಯು ಎಲ್ಲಿತ್ತೆಂಬುದನ್ನು ನೊರೆಯ ಒಂದು ಉಬ್ಬಿನಿಂದ ಊಹಿಸಬೇಕಾಯಿತು.

ಬಾಗಿಲುಗಳನ್ನು ಎತ್ತುವುದಕ್ಕೆ ಮೊದಲು ನದಿತೀರದ ಊರುಗಳಿಗೆ ಎಚ್ಚರಿಕೆ ಕೊಡುವುದು, ಡಂಗುರ ಸಾರುವುದು ರೂಢಿಯಲ್ಲಿದೆ. ಆದರೆ ಬಂಡೆಗಳ ನಡುವೆ ನೀರಿನ ಸದ್ದಿನಲ್ಲಿ ಕುಳಿತ ಪರಸ್ಥಳದವನಿಗೆ ಊರಿನ ಡಂಗುರ ಹೇಗೆ ಕೇಳಿಸೀತು? ಆದಕಾರಣ ಹೊರಡುವ ಹಿಂದಿನ ದಿನ ಹೊರಹರಿವಿನ ಅಂಕಿಯನ್ನು ನೋಡುವುದು, ತಲುಪಿದೊಡನೆ ಸ್ಥಳದ ಅಂಗಡಿಯವರನ್ನೋ ಮೀನುಗಾರರನ್ನೋ 'ಇವತ್ತು ನೀರು ಬಿಡ್ತಾರೇನ್ರಿ' ಎಂದು ಕೇಳುವುದು, ಕುಳಿತ ಕಡೆಯಲ್ಲಿ ನೀರಿನಂಚಿಗೆ ಒಂದು ಗುರುತಿನ ಕಲ್ಲನ್ನಿಟ್ಟು ಆಗಾಗ ನೋಡುತ್ತಿರುವುದು, ಈ ಮೂರನ್ನು ಮಾಡದೆ ಕೊಳ್ಳಕ್ಕೆ ಇಳಿಯಬಾರದು. ನೀರಿಗೆ ಇಳಿದು ಈಜುವ ಮಾತನ್ನಂತೂ ಮನಸ್ಸಿನಿಂದ ತೆಗೆದುಹಾಕಬೇಕು. ಪಾಚಿಗಟ್ಟಿದ ಬಂಡೆ ಒಂದು ಕಡೆ, ಬಂಡೆಯಡಿಯ ಸೆಳವು ಇನ್ನೊಂದು ಕಡೆ. ಜೊತೆಗೆ ಈ ಕೃಷ್ಣೆಯಲ್ಲಿ ಮೊಸಳೆಗಳಿವೆ. ನಮ್ಮ ಭೀಮೆಯ ಮರಳಿನಲ್ಲಿ ಆಟವಾಡಿ ಬೆಳೆದ ಹುಡುಗರು ತಮಗೆ ಹೊಳೆ ಗೊತ್ತೆಂದು ನಂಬಿರುತ್ತಾರೆ. ಮರಳು ತೆಗೆದ ಗುಂಡಿಗಳು ಭೀಮೆಯಲ್ಲಿಯೇ ಎಷ್ಟು ಜನ ಈಜುಗಾರರನ್ನು ಕರೆದುಕೊಂಡಿವೆಯೆಂಬುದು ಅವರ ತಾಯಂದಿರಿಗೆ ಗೊತ್ತು.

ಹಾಗಾದರೆ ಯಾವಾಗ ಹೋಗಬೇಕು? ಆಷಾಢದಿಂದ ಆಶ್ವೀಜದವರೆಗೆ ಕೃಷ್ಣೆಯು ತನ್ನ ಪೂರ್ಣರೂಪದಲ್ಲಿರುತ್ತದೆ; ಆಗ ನೋಡುವುದೇ ಆದರೆ ಎತ್ತರದ ದಂಡೆಯಿಂದ ಮಾತ್ರ ನೋಡಬೇಕು. ಕಾರ್ತಿಕ ಕಳೆದು ಹೊರಹರಿವು ಇಳಿದ ಮೇಲೆ ಮಾಘದವರೆಗಿನ ಚಳಿಗಾಲವೇ ನನ್ನ ದೃಷ್ಟಿಯಲ್ಲಿ ಉತ್ತಮವಾದ ಕಾಲ. ಸಂಕ್ರಾಂತಿಯ ದಿನ ಛಾಯಾ ಭಗವತಿಯಲ್ಲಿ ಪುಣ್ಯಸ್ನಾನಕ್ಕೆ ಜನಸಂದಣಿ ನೆರೆಯುವುದರಿಂದ, ಕೊಳ್ಳದ ಏಕಾಂತವನ್ನು ಬಯಸುವವರು ಆ ದಿನವನ್ನು ಭಕ್ತರಿಗೆ ಬಿಟ್ಟುಕೊಟ್ಟು ಒಂದು ವಾರ ತಡೆದು ಹೋಗಲಿ. ಫಾಲ್ಗುನ ಮುಗಿದ ಮೇಲೆ ಹೋಗುವುದು ಅವಿವೇಕ. ನಾನು ಆ ಅವಿವೇಕವನ್ನು ಮಾಡಿದವನೇ. ಒಂದು ಚೈತ್ರದಲ್ಲಿ, ನೀರು ಕಡಮೆಯಿರುವುದರಿಂದ ಭಯವಿಲ್ಲವೆಂದು ಎಂಟು ಜನ ಹೊರಟು, ದಾರಿಯಲ್ಲಿ ಚಹಾಕ್ಕೆಂದು ಅಲ್ಲಲ್ಲಿ ನಿಂತು, ಮಟಮಟ ಮಧ್ಯಾಹ್ನಕ್ಕೆ ಹೊಳೆಯನ್ನು ಮುಟ್ಟಿದೆವು. ದೇವರ ದರ್ಶನಕ್ಕೆಂದು ಬಿಟ್ಟ ಪಾದರಕ್ಷೆಗಳನ್ನು ಮರಳಿ ಹಾಕಿಕೊಳ್ಳದೆ ಬಂಡೆಗಳ ಮೇಲೆ ನಡೆದುಹೋದದ್ದು ನಮ್ಮ ತಪ್ಪು. ಬೆಣಚುಕಲ್ಲು ಮುಂಜಾನೆಯಿಂದ ಕುಡಿದ ಬಿಸಿಲನ್ನೆಲ್ಲ ಅಂಗಾಲಿಗೆ ಕೊಟ್ಟಿತು. ತಂದಿದ್ದ ಎರಡು ಕ್ಯಾನುಗಳ ನೀರು ಅರ್ಧ ತಾಸಿನಲ್ಲಿ ಮುಗಿಯಿತು. ಕಣ್ಣೆದುರಿಗೆ ಹೊಳೆಯಿದ್ದರೂ ನಿಂತ ಮಡುಗಳ ಹಸುರು ನೀರನ್ನು ಕುಡಿಯುವಂತಿರಲಿಲ್ಲ. ನಮ್ಮೊಡನೆ ಬಂದಿದ್ದ ವಯಸ್ಸಾದ ಬಂಧುವೊಬ್ಬರು ತಲೆತಿರುಗಿ ಕುಳಿತುಬಿಟ್ಟರು. ಬಲೆ ಒಣಹಾಕುತ್ತಿದ್ದ ಮೀನುಗಾರನೊಬ್ಬನು ಓಡಿಬಂದು, ತನ್ನ ಟವೆಲನ್ನು ತೊಯಿಸಿ ಅವರ ನೆತ್ತಿಗೆ ಹೊದಿಸಿ, ಬೇವಿನ ನೆರಳಿಗೆ ಹೊತ್ತುಕೊಂಡು ಹೋಗಿ, ತನ್ನ ಮನೆಯ ಮಜ್ಜಿಗೆಯನ್ನು ತರಿಸಿ ಕುಡಿಸದಿದ್ದರೆ ಆ ದಿನ ಏನಾಗುತ್ತಿತ್ತೆಂಬುದನ್ನು ನೆನೆಯಲು ಈಗಲೂ ಅಂಜಿಕೆಯಾಗುತ್ತದೆ. ಅವನು ಹಣವನ್ನು ಮುಟ್ಟಲಿಲ್ಲ.

ಅಂದಿನಿಂದ ನಾನು ವಿಹಾರದ ಸಿದ್ಧತೆಯನ್ನು ಚರಗದ ಸಿದ್ಧತೆಯಂತೆಯೇ ಮಾಡುತ್ತ ಬಂದಿದ್ದೇನೆ. ಎಳ್ಳ ಅಮಾವಾಸ್ಯೆಗೆ ನಮ್ಮ ತಾಯಂದಿರು ಹೊಲಕ್ಕೆ ಹೊರಡುವ ರೀತಿಯನ್ನು ನೆನೆಯಿರಿ: ಹಿಂದಿನ ರಾತ್ರಿಯೇ ಬಜ್ಜಿ ಬೆಂದಿರುತ್ತದೆ, ಸಜ್ಜಿಯ ರೊಟ್ಟಿ ಬಡಿದಾಗಿರುತ್ತದೆ, ನೀರಿನ ಕೊಡ ಬೇರೆ, ಕೈತೊಳೆಯುವ ಚೆಂಬು ಬೇರೆ, ಕೂರಲು ಕಂಬಳಿ, ಮಕ್ಕಳಿಗೆ ನೆರಳಿಗೆಂದು ಒಂದು ಹಚ್ಚಡ, ಹೊಲವನ್ನು ಮುಟ್ಟಿದ ಮೇಲೆ ಮೊದಲ ತುತ್ತು ಭೂಮಿತಾಯಿಗೆ, ಅನಂತರ ನೆರೆಹೊಲದವರಿಗೆ, ಆಮೇಲೆ ಮನೆಯವರಿಗೆ, ಹೊತ್ತು ಮುಳುಗುವುದರೊಳಗೆ ಎಲ್ಲ ಪಾತ್ರೆಗಳನ್ನೂ ಎಣಿಸಿ ಬುಟ್ಟಿಗೆ ತುಂಬಿ ಹಿಂದಿರುಗುವುದು. ಇದಕ್ಕಿಂತ ಉತ್ತಮವಾದ ಕ್ರಮವನ್ನು ಯಾವ ಪ್ರವಾಸ ಮಾರ್ಗದರ್ಶಿಯಲ್ಲಿಯೂ ನಾನು ಕಂಡಿಲ್ಲ. ಕೊಳ್ಳಕ್ಕೆ ಕಟ್ಟಿಕೊಳ್ಳತಕ್ಕ ಬುತ್ತಿಯೂ ನಮ್ಮ ಮನೆಯ ಬುತ್ತಿಯೇ ಆಗಲಿ: ಖಡಕ್ ರೊಟ್ಟಿ, ಶೇಂಗಾಹಿಂಡಿ, ಕೆಂಪುಖಾರ, ಗಟ್ಟಿಮೊಸರು, ಪ್ಲಾಸ್ಟಿಕ್ಕಿನ ಪೊಟ್ಟಣ ಬೇಡದ ಊಟ. ನೀರು ತಲೆಗೆ ನಾಲ್ಕು ಲೀಟರಿಗೆ ಕಡಮೆಯಾಗದಿರಲಿ. ಕಾಲಿಗೆ ಜಾರದ ಅಟ್ಟೆಯ ಬೂಟು, ತಲೆಗೆ ರುಮಾಲು. ಕಲ್ಲಿನ ಸಂದಿನಲ್ಲಿ ಕೈಯಿಡುವ ಮುನ್ನ ಕೋಲಿನಿಂದ ತಟ್ಟಬೇಕು; ಚೇಳು, ಹಾವುಗಳ ಮನೆ ಅದು. ಹೆಣ್ಣುಮಕ್ಕಳನ್ನು ಕರೆದೊಯ್ಯುವವರು ಶೌಚದ ವ್ಯವಸ್ಥೆಯನ್ನು ಸುರಪುರ ಅಥವಾ ಹುಣಸಗಿಯಲ್ಲಿಯೇ ವಿಚಾರಿಸಿಕೊಂಡು ಮುಂದೆ ಸಾಗಬೇಕು. ಗಂಡಸರು ಇದನ್ನು ಯೋಜನೆಯಲ್ಲಿ ಸೇರಿಸುವುದೇ ಇಲ್ಲ, ಮತ್ತು ಆ ಕಾರಣಕ್ಕಾಗಿಯೇ ಎಷ್ಟೋ ಮನೆಗಳ ಹೆಣ್ಣುಮಕ್ಕಳು ದಿನವಿಡೀ ನೀರನ್ನೇ ಕುಡಿಯದೆ ಕೊಳ್ಳವನ್ನು ನೋಡಿ ಬರುತ್ತಾರೆ.

ಇನ್ನೊಂದು ಪ್ರಶ್ನೆಯನ್ನು ಯುವಕರು ಕೇಳುತ್ತಾರೆ: ಸರ್ಕಾರಿ ಜಾಗವಲ್ಲವೆ, ಯಾರನ್ನು ಕೇಳಬೇಕು? 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೆಯ ಕಲಮಿನ ಪ್ರಕಾರ ನದಿ, ಹಳ್ಳ, ಕೆರೆ, ಸಾರ್ವಜನಿಕ ರಸ್ತೆಗಳು ರಾಜ್ಯ ಸರ್ಕಾರದ ಸ್ವತ್ತು. ಆದರೆ ಸರ್ಕಾರವೆಂಬುದು ಒಂದೇ ಬಾಗಿಲಿನ ಮನೆಯಲ್ಲ. ಅಣೆಕಟ್ಟು, ಕಾಲುವೆ ಮತ್ತು ಅವುಗಳ ಆವರಣಗಳು 1994ರಲ್ಲಿ ಸ್ಥಾಪಿತವಾದ ಕೃಷ್ಣಾ ಭಾಗ್ಯ ಜಲ ನಿಗಮದ ವಶದಲ್ಲಿವೆ. ಕಾವಲಿನವರು ತಡೆದ ಕಡೆಯಲ್ಲಿ ವಾದಿಸುವುದು ಸಲ್ಲದು. ದೇಗುಲದ ಮೆಟ್ಟಿಲಿನಲ್ಲಿ ದೇಗುಲದ ಆಚಾರವನ್ನು ನಡೆಸಬೇಕು. ದಂಡೆಯ ಹೊಲವು ಒಕ್ಕಲಿಗನದು. ತೊಗರಿಯ ಸಾಲಿನಲ್ಲಿ ಕಾರನ್ನು ಇಳಿಸುವ ಹಕ್ಕು ಪ್ರವಾಸಿಗಿಲ್ಲ. ಸನ್ನತಿಯಂಥ ಸ್ಥಳವಾದರೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯ ಕಾನೂನು ಅನ್ವಯಿಸುತ್ತದೆ. ಅಲ್ಲಿ 1986ರಲ್ಲಿ ಕಾಳಿಕಾ ಗುಡಿಯ ಮಾಳಿಗೆ ಕುಸಿದಾಗ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನವು ಪ್ರಕಟವಾಯಿತು. ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರನ್ನು ಕೆತ್ತಿದ, ರಾಜದಂಪತಿಗಳ ಶಿಲ್ಪವು ದೊರೆಯಿತು. ಯಾವನೋ ಒಬ್ಬನು ಶತಮಾನಗಳ ಹಿಂದೆ ಬರಹದ ಕಲ್ಲಿಗೆ ತೂತು ಕೊರೆದು ಪೀಠ ಮಾಡಿದ್ದರಿಂದ ಆ ಶಾಸನದ ಎಷ್ಟೋ ಅಕ್ಷರಗಳು ನಷ್ಟವಾದವು. ಕೋಟೆಯ ಗೋಡೆಯ ಮೇಲೆ ಸುಣ್ಣದಿಂದ ತಮ್ಮ ಮತ್ತು ತಮ್ಮ ಪ್ರಿಯರ ಹೆಸರುಗಳನ್ನು ಬರೆಯುವವರು ಆ ಶಿಲೆಯನ್ನು ಒಮ್ಮೆ ಹೋಗಿ ನೋಡಬೇಕೆಂದು ನನಗೆ ಅನ್ನಿಸುತ್ತದೆ.

ಕೊಳ್ಳದಲ್ಲಿ ನಾವು ಬಿಟ್ಟುಬರುವ ಕಸದ ಮಾತಿಗೆ ದೂರದ ಒಂದು ಉದಾಹರಣೆಯನ್ನು ಕೊಡುತ್ತೇನೆ. ಅಮೆರಿಕದ ನ್ಯೂ ಮೆಕ್ಸಿಕೊ ಸಂಸ್ಥಾನದಲ್ಲಿ ತಾವೋಸ್ ಎಂಬ ಊರಿನ ಸಮೀಪ ರಿಯೋ ಗ್ರಾಂಡೆ ನದಿಯು, ನಮ್ಮ ಆಳಂದದ ಅಡಿಯಲ್ಲಿರುವಂಥದೇ ಕಪ್ಪುಶಿಲೆಯ ಒಣ ಬಯಲನ್ನು ಸುಮಾರು 800 ಅಡಿ ಆಳಕ್ಕೆ ಕೊರೆದಿದೆ. 1965ರಲ್ಲಿ ಅದರ ಮೇಲೆ ಕಟ್ಟಿದ ಸೇತುವೆಯಿಂದ ನೀರು 565 ಅಡಿ ಕೆಳಗೆ. 2013ರಲ್ಲಿ ಆ ಕೊಳ್ಳವನ್ನೂ ಸುತ್ತಣ ಬಯಲನ್ನೂ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಅಲ್ಲಿಯ ಸಾರ್ವಜನಿಕ ಭೂಮಿಯ ಅನೇಕ ಕೊಳ್ಳಗಳಲ್ಲಿ ದೋಣಿಯಿಂದ ಇಳಿಯುವವರು ಒಲೆಯ ಬೂದಿಯನ್ನೂ ತಮ್ಮ ಮಲವನ್ನೂ ಕೂಡ ಭದ್ರವಾದ ಪಾತ್ರೆಯಲ್ಲಿ ತುಂಬಿಕೊಂಡು ಹಿಂದಕ್ಕೆ ತರಬೇಕೆಂಬ ನಿಯಮವಿದೆ. ಇದನ್ನು ಕೇಳಿ ನಮ್ಮವರು ಮೂಗು ಮುರಿಯಬಹುದು. ಆದರೆ ಹೊಲದಿಂದ ಪಾತ್ರೆಗಳನ್ನು ಎಣಿಸಿ ತರುವ ನಮ್ಮ ತಾಯಂದಿರಿಗೆ ಈ ನಿಯಮದಲ್ಲಿ ಹೊಸತೇನೂ ತೋರಲಾರದು. ಪಾತ್ರೆಯ ಜಾಗಕ್ಕೆ ಪ್ಲಾಸ್ಟಿಕ್ ತಟ್ಟೆಯೂ ಚೆಂಬಿನ ಜಾಗಕ್ಕೆ ಬಾಟಲಿಯೂ ಬಂದಮೇಲೆ, ಎಣಿಸಿ ತರುವ ಅಭ್ಯಾಸವು ನಮ್ಮ ಕೈಬಿಟ್ಟಿದೆ. ಛಾಯಾ ಭಗವತಿಯ ಬಂಡೆಗಳ ಸಂದಿನಲ್ಲಿ ಅದರ ಫಲವು ಸಿಕ್ಕಿಕೊಂಡಿರುವುದನ್ನು ಯಾರಾದರೂ ನೋಡಬಹುದು.

ಆ ಬಂಡೆಗಳನ್ನು, ನೀರಿಳಿದ ಪುಷ್ಯಮಾಸದ ಮುಂಜಾನೆಯಲ್ಲಿ, ಅವಸರವಿಲ್ಲದೆ ನೋಡಬೇಕು. ದೂರದಿಂದ ಒರಟಾಗಿ ಕಾಣುವ ಶಿಲೆಯು ಹತ್ತಿರಕ್ಕೆ ಬಂದರೆ ಬೆಣ್ಣೆ ಸವರಿದಂತೆ ನುಣುಪಾಗಿದೆ. ಅಲ್ಲಲ್ಲಿ, ಒರಳಿನ ಗುಂಡಿಯಂತೆ ದುಂಡಗೆ ಕೊರೆದ ಕುಳಿಗಳಿವೆ. ಕೆಲವು ಚೆಂಬಿನಷ್ಟು, ಕೆಲವು ಒಬ್ಬ ಮನುಷ್ಯನು ಇಳಿದು ನಿಲ್ಲುವಷ್ಟು. ಒಂದರ ತಳಕ್ಕೆ ನಾನು ಕೈಹಾಕಿದಾಗ ಮೊಣಕೈಯವರೆಗೂ ತಣ್ಣೀರು. ಅದರಡಿಯಲ್ಲಿ ಮೊಟ್ಟೆಯಷ್ಟು ದುಂಡಾದ ನಾಲ್ಕೈದು ಕಲ್ಲುಗಳು. ಆ ಕಲ್ಲುಗಳೇ ಆ ಕುಳಿಯ ಶಿಲ್ಪಿಗಳು. ಪ್ರವಾಹದ ಸುಳಿಯು ಅವುಗಳನ್ನು ಗುಂಡಿಯೊಳಗೆ ಹಾಕಿ ತಿರುಗಿಸುತ್ತದೆ. ಕಲ್ಲು ಬಂಡೆಯನ್ನು ಅರೆಯುತ್ತದೆ, ಬಂಡೆ ಕಲ್ಲನ್ನು ಅರೆಯುತ್ತದೆ. ಪ್ರತಿ ಮಳೆಗಾಲದಲ್ಲಿಯೂ ಒಂದು ಕೂದಲೆಳೆಯಷ್ಟು ಆಳ. ಒಂದನ್ನು ನೆನಪಿಗೆಂದು ಕಿಸೆಗೆ ಹಾಕಿಕೊಂಡವನು, ಸ್ವಲ್ಪ ಹೊತ್ತಿನ ಮೇಲೆ ಮನಸ್ಸು ಒಪ್ಪದೆ, ಅದನ್ನು ಅದರ ಕುಳಿಗೇ ಮರಳಿ ಬಿಟ್ಟೆ. ಅದು ನೀರಿನಲ್ಲಿ ಇಳಿದು ತನ್ನ ಸಂಗಡಿಗರಿಗೆ ತಾಕಿದ ಸದ್ದು ಬಹು ಸಣ್ಣದು.

ಮೂರು ಗಂಟೆಯ ಹೊತ್ತಿಗೆ ಹಿಂದಿರುಗಲು ಹೊರಡಬೇಕು. ಸುರಪುರದಲ್ಲಿ ಟೇಲರ್ ಮಂಜಿಲ್ ಎಂಬ ಹಳೆಯ ಬಂಗಲೆಯನ್ನು ನೋಡುವ ಆಸೆಯುಳ್ಳವರಿಗೆ ಒಂದು ತಾಸು ದೊರೆಯುತ್ತದೆ. ಶಹಾಪುರದ ಬಳಿ ಇಳಿಬಿಸಿಲಿನಲ್ಲಿ ಮಲಗಿದ ಬುದ್ಧನಂತೆ ತೋರುವ ಬೆಟ್ಟದ ಸಾಲು ಬಲು ಚೆಂದವಾಗಿರುತ್ತದೆ. ಕಳೆದ ಸಲ ನಾವು ಕಟ್ಟಿಸಂಗಾವಿಯನ್ನು ಮುಟ್ಟಿದಾಗ ಕತ್ತಲೆ ಇಳಿಯುತ್ತಿತ್ತು. ಗಾಡಿಯನ್ನು ನಿಲ್ಲಿಸಿ ಸೇತುವೆಯ ಪಕ್ಕಕ್ಕೆ ಬಂದೆವು. ಭೀಮೆಯು ಅಲ್ಲಾಡದ ಒಂದು ಕಪ್ಪು ಪರಸಿಯಂತೆ ಕೆಳಗೆ ಮಲಗಿತ್ತು. ನನ್ನ ತಂಗಿಯ ಮೊಮ್ಮಗಳು ಕಟಕಟೆಯ ಸಂದಿನಿಂದ ಇಣುಕಿ, 'ಮುತ್ಯಾ, ಈ ನೀರು ಆ ಕೊಳ್ಳಕ್ಕ ಹೋಗ್ತದೇನು?' ಎಂದು ಕೇಳಿದಳು. ಹೋಗುವುದಿಲ್ಲವೆಂದೂ, ಕೊಳ್ಳವನ್ನು ದಾಟಿ ಬಯಲಿಗಿಳಿದು ದಣಿದ ಕೃಷ್ಣೆಯನ್ನು ಇದು ಬಹಳ ಕೆಳಗೆ, ಕಡ್ಲೂರಿನಲ್ಲಿ, ಕೂಡಿಕೊಳ್ಳುವುದೆಂದೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾರ ಇದಕ್ಕ ಕೊಳ್ಳ ಗೊತ್ತೇ ಇಲ್ಲ' ಎಂದಳು; ಬುತ್ತಿಯ ಗಂಟಿನಲ್ಲಿ ಉಳಿದಿದ್ದ ಅರ್ಧ ರೊಟ್ಟಿಯನ್ನು ಮುರಿದು ಮೀನುಗಳಿಗೆಂದು ಕೆಳಗೆ ಹಾಕಿದಳು.